ಮುಳ್ಳಿಲ್ಲದ ರೇಡಿಯೋ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಕಣ್ಣು ಕಾಣದವರಿಗೆ ಸರ್ಕಾರದ ಇಲಾಖೆಯೊಂದು ಎರವಲಾಗಿ ಕೊಡುತ್ತಿದ್ದ ರೇಡಿಯೋ ಒಂದಿತ್ತು. ಅದಕ್ಕೆ ಸ್ಟೇಷನ್ ಹುಡುಕುವ ಮುಳ್ಳಿಲ್ಲ, ಅಂಕಿ ಬರೆದ ಪಟ್ಟಿಯಿಲ್ಲ. ಹಚ್ಚುವುದಕ್ಕೆ, ಆರಿಸುವುದಕ್ಕೆ, ಸದ್ದು ಹೆಚ್ಚು ಕಡಿಮೆ ಮಾಡುವುದಕ್ಕೆ ಗುಂಡಿ ಉಂಟು, ಅಷ್ಟೇ. ಹಚ್ಚಿದರೆ ಯಾರೋ ಅವತ್ತಿನ ಪತ್ರಿಕೆ ಓದುತ್ತಿರುತ್ತಾರೆ, ಇಲ್ಲವೇ ಒಂದು ಕಾದಂಬರಿಯ ನಡುವಿನ ಅಧ್ಯಾಯ. ಪಕ್ಕದ ಮನೆಯವರು ತಮ್ಮ ಹೊಚ್ಚ ಹೊಸ ರೇಡಿಯೋದ ಮುಳ್ಳನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿದರೂ ಆ ಧ್ವನಿ ಅವರಿಗೆ ಸಿಗುತ್ತಿರಲಿಲ್ಲ. ಸಿಗಬೇಕಾದ ಸ್ಟೇಷನ್ ಮೇಲೇ ಮುಳ್ಳು ನಿಂತಿದ್ದರೂ ಅವರಿಗೆ ಕೇಳುತ್ತಿದ್ದದ್ದು ಶಾಸ್ತ್ರೀಯ ಸಂಗೀತ.

ಈ ಸೇವೆಯ ಹೆಸರು ಮಿನ್ನೆಸೋಟ ರೇಡಿಯೋ ಟಾಕಿಂಗ್ ಬುಕ್. ಶುರುವಾದದ್ದು 1969ರ ಜನವರಿ 2ರಂದು. ರೇಡಿಯೋ ಮೂಲಕ ಅಂಧರಿಗೆ ಓದಿ ಹೇಳುವ ಸೇವೆಗಳಲ್ಲಿ ಜಗತ್ತಿಗೇ ಮೊದಲನೆಯದು ಎಂದು ಇದನ್ನು ಎಣಿಸುತ್ತಾರೆ. ಎಫ್‌ಎಂ ತರಂಗದೊಳಗೆ ಬಚ್ಚಿಟ್ಟ ಧ್ವನಿಯ ಕಥೆಗಳು ಹಲವಿವೆ. ಹೆಚ್ಚಿನವು ಅಂಗಡಿಗೆ ಹಿನ್ನೆಲೆ ಸಂಗೀತ ಮಾರಿದವರ ಕಥೆಗಳು. ನನಗೆ ಈ ಪ್ರಕರಣವೇ ಹೆಚ್ಚು ಹಿಡಿಸಿತು. ಬಚ್ಚಿಟ್ಟಿದ್ದರಿಂದಲೇ ಇದು ಸಾಧ್ಯವಾಯಿತು, ಬಚ್ಚಿಟ್ಟಿದ್ದರಿಂದಲೇ ಇದಕ್ಕೆ ಕಷ್ಟವೂ ಬಂತು.

ಪತ್ರಿಕೆ ಯಾರು ಓದಿ ಹೇಳಬೇಕು?

ಅಂಧರಿಗೆ ಓದಲು ಅಮೆರಿಕದಲ್ಲಿ ಏನೂ ಇರಲಿಲ್ಲ ಎಂದಲ್ಲ. 1931ರಲ್ಲೇ ಅಲ್ಲಿನ ಸಂಸತ್ತು ಕಾನೂನು ಮಾಡಿ ಲೈಬ್ರರಿ ಆಫ್ ಕಾಂಗ್ರೆಸ್ ಮೂಲಕ ವಯಸ್ಕ ಅಂಧರಿಗೆ ಪುಸ್ತಕ ಒದಗಿಸುವ ವ್ಯವಸ್ಥೆ ತಂದಿತು. 1934ರ ಹೊತ್ತಿಗೆ ಮಾತನಾಡುವ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳಾಗಿ ಅಂಚೆಯಲ್ಲಿ ಮನೆಗೆ ಬರತೊಡಗಿದವು. ಸಂಗೀತದ ಎಲ್‌ಪಿ ತಟ್ಟೆ ಮಾರುಕಟ್ಟೆಗೆ ಬರುವುದಕ್ಕೂ ಎಷ್ಟೋ ವರ್ಷ ಮೊದಲೇ, ನಿಧಾನವಾಗಿ ತಿರುಗಿ ಹೆಚ್ಚು ಹೊತ್ತು ನುಡಿಯುವ ತಟ್ಟೆಯನ್ನು ಬಳಸಿದವರು ಇವರು. 1966ರಲ್ಲಿ ಈ ಸೌಲಭ್ಯ, ಕಣ್ಣಿದ್ದೂ ಪುಸ್ತಕ ಹಿಡಿಯಲಾಗದ, ಪುಟ ತಿರುಗಿಸಲಾಗದ ಅಂಗವಿಕಲರಿಗೂ ವಿಸ್ತರಿಸಿತು.

ಆದರೆ ತಟ್ಟೆ ತಯಾರಾಗಿ ಅಂಚೆಯಲ್ಲಿ ಬರುವಷ್ಟರಲ್ಲಿ ಪತ್ರಿಕೆ ಹಳಸಿ ರದ್ದಿಯಾಗಿರುತ್ತದೆ. ಸುದ್ದಿಯನ್ನಾದರೂ ಮಾಮೂಲು ರೇಡಿಯೋದಲ್ಲಿ ಕೇಳಬಹುದು. ಪತ್ರಿಕೆ ಎಂದರೆ ಬರೀ ಸುದ್ದಿಯೇ? ಊರಲ್ಲಿ ಯಾರು ತೀರಿಕೊಂಡರು, ಯಾವ ದಿನಸಿ ಅಂಗಡಿಯಲ್ಲಿ ಯಾವುದಕ್ಕೆ ಎಷ್ಟು ರಿಯಾಯಿತಿ, ವಾಚಕರ ಪತ್ರದಲ್ಲಿ ಯಾರು ಯಾರಿಗೆ ಬೈದರು, ಇವು ಯಾವ ವಾರ್ತಾಪ್ರಸಾರದಲ್ಲೂ ಬರುವುದಿಲ್ಲ. ನಮ್ಮ ಕಡೆ ಅರಳೀಕಟ್ಟೆಯ ಮೇಲೆ ಒಬ್ಬ ಪತ್ರಿಕೆ ಓದಿ ಹತ್ತು ಜನ ಕೇಳುತ್ತಿದ್ದಾಗಲೂ ಜನ ಕಿವಿಗೊಡುತ್ತಿದ್ದದ್ದು ದೆಹಲಿ ಸಮಾಚಾರಕ್ಕಿಂತ ಹೆಚ್ಚಾಗಿ ಇಂಥದ್ದಕ್ಕೇ. ಇನ್ನೊಂದು ಸಂಗತಿ: ದೃಷ್ಟಿ ಕಳೆದುಕೊಳ್ಳುವವರಲ್ಲಿ ಬಹುಪಾಲು ಜನ ವಯಸ್ಸಾದ ಮೇಲೆ ಕಳೆದುಕೊಳ್ಳುತ್ತಾರೆ. ಎಪ್ಪತ್ತರಲ್ಲಿ ಕಣ್ಣು ಮಂಜಾದ ರೈತನಿಗೆ ಬ್ರೈಲ್ ಕಲಿ ಎಂದರೆ, ಬೆರಳೂ ಅಷ್ಟೊತ್ತಿಗೆ ಮಡ್ಡಿಗಟ್ಟಿರುತ್ತದೆ.

ಮಿನ್ನೆಸೋಟದ ಸ್ಟೇಟ್ ಸರ್ವೀಸಸ್ ಫಾರ್ ದ ಬ್ಲೈಂಡ್ ಎಂಬ ಇಲಾಖೆಯಲ್ಲಿ ಈ ಕೊರತೆಯನ್ನು ತಲೆಗೆ ಹಚ್ಚಿಕೊಂಡವರು ಸಿ. ಸ್ಟಾನ್ಲಿ ಪಾಟರ್ ಮತ್ತು ರಾಬರ್ಟ್ ವಾಟ್ಸನ್. ದಿನವಿಡೀ ಓದುವ ರೇಡಿಯೋ ಬೇಕು. ಹೊಸ ಸ್ಟೇಷನ್ ಕಟ್ಟುವುದೆಂದರೆ ತರಂಗ, ಗೋಪುರ, ಲೈಸೆನ್ಸು, ಎಲ್ಲವೂ ಬೇಕು. ಇವರ ಕಣ್ಣು ಹೋದದ್ದು ಇರುವ ಸ್ಟೇಷನ್ನಿನ ಅಟ್ಟದ ಮೇಲೆ.

ಅಟ್ಟ

ಎಫ್‌ಎಂ ಸ್ಟೇಷನ್ನನ್ನು ಒಂದು ಮನೆ ಎಂದುಕೊಳ್ಳಿ. ನೆಲದಿಂದ 15 ಕಿಲೋಹರ್ಟ್ಜ್‌ವರೆಗೆ (ಒಂದು ಕಿಲೋಹರ್ಟ್ಜ್ ಎಂದರೆ ಸೆಕೆಂಡಿಗೆ ಸಾವಿರ ಕಂಪನ) ಪಡಸಾಲೆ. ನಾವು ಕೇಳುವ ಹಾಡು, ಮಾತು ಎಲ್ಲ ಇಲ್ಲೇ. 19ರಲ್ಲಿ ಪೈಲಟ್ ಎಂಬ ಸಣ್ಣ ದೀಪ ಉರಿಯುತ್ತಿದ್ದರೆ ಮೇಲಿನ ಕೋಣೆಯಲ್ಲೂ ಜನ ಇದ್ದಾರೆ ಎಂದರ್ಥ: 23ರಿಂದ 53ರವರೆಗೆ, ಎಡ ಬಲ ಸ್ಪೀಕರುಗಳ ವ್ಯತ್ಯಾಸವನ್ನು ಹೊತ್ತ ಸ್ಟೀರಿಯೋ ಭಾಗ. ಅದರ ಮೇಲೂ ಜಾಗ ಉಳಿಯುತ್ತದೆ. ಮನುಷ್ಯನ ಕಿವಿ 20 ಕಿಲೋಹರ್ಟ್ಜ್ ದಾಟುವುದಿಲ್ಲ. ಹಾಗಾಗಿ 67 ಕಿಲೋಹರ್ಟ್ಜ್‌ನಲ್ಲಿ ಇನ್ನೊಂದು ಪುಟ್ಟ ವಾಹಕ ತರಂಗವನ್ನು ಕೂರಿಸಿ, ಅದರ ಮೇಲೆ ಬೇರೆಯದೇ ಧ್ವನಿಯನ್ನು ಹೇರಿದರೆ ಮನೆಯವರಿಗೆ ಅಟ್ಟದಲ್ಲಿ ಯಾರಿದ್ದಾರೆಂಬುದೇ ತಿಳಿಯದು. ಇದೇ ಸಬ್‌ಕ್ಯಾರಿಯರ್. ಕನ್ನಡದಲ್ಲಿ ಉಪವಾಹಕ ಎನ್ನಬಹುದು, ಆದರೆ ಸ್ಟುಡಿಯೋ ತಂತ್ರಜ್ಞರ ಬಾಯಲ್ಲಿ ನಾನು ಆ ಪದ ಕೇಳಿಲ್ಲ.

ಈ ಅಟ್ಟವನ್ನು ಮೊದಲು ತೋರಿಸಿಕೊಟ್ಟವರು ಎಫ್‌ಎಂ ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್. 1934ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಒಂದೇ ತರಂಗದ ಮೇಲೆ ಧ್ವನಿ, ಪತ್ರಿಕೆಯ ಪುಟದ ಚಿತ್ರ, ತಂತಿ ಸಂದೇಶ ಇವನ್ನೆಲ್ಲ ಒಟ್ಟೊಟ್ಟಿಗೆ ಕಳಿಸಿ ತೋರಿಸಿದ್ದರು. ಪತ್ರಿಕೆಯೇ ಎಫ್‌ಎಂ ಮೇಲೆ ಸವಾರಿ ಮಾಡಿತ್ತು ಎಂಬುದನ್ನು ನೆನಪಿಡಿ. 35 ವರ್ಷದ ನಂತರ ಅದು ಧ್ವನಿಯಾಗಿ ವಾಪಸ್ ಬಂತು. ಆರ್ಮ್‌ಸ್ಟ್ರಾಂಗ್ 1954ರ ಜನವರಿ 31ರಂದು ಪ್ರಾಣ ಕಳೆದುಕೊಂಡರು. ಅಟ್ಟವನ್ನು ಬಾಡಿಗೆಗೆ ಬಿಡಬಹುದು ಎಂದು ಅಮೆರಿಕದ ಸಂವಹನ ಆಯೋಗ ನಿಯಮ ಮಾಡಿದ್ದು ಮರು ವರ್ಷ, 1955ರಲ್ಲಿ. ಆ ಪರವಾನಗಿಗೆ ಎಸ್‌ಸಿಎ ಎಂದು ಹೆಸರು.

ಬಾಡಿಗೆಗೆ ಬಂದವರು ಹಿನ್ನೆಲೆ ಸಂಗೀತದ ವ್ಯಾಪಾರಿಗಳು. ಅದಕ್ಕೂ ಮುಂಚೆ ಅವರದೊಂದು ತಮಾಷೆಯ ಪದ್ಧತಿಯಿತ್ತು: ಸ್ಟೇಷನ್ ಎಲ್ಲರಿಗೂ ಕೇಳುವಂತೆಯೇ ಸಂಗೀತ ಹಾಕುವುದು, ಜಾಹೀರಾತು ಅಥವಾ ಮಾತು ಬರುವ ಮುಂಚೆ ಕಿವಿಗೆ ಕೇಳದ ಒಂದು ಸಂಕೇತ ಕಳಿಸುವುದು, ಆ ಸಂಕೇತ ಸಿಕ್ಕಿದ ಕೂಡಲೇ ಅಂಗಡಿ, ಹೋಟೆಲುಗಳಲ್ಲಿಟ್ಟ ಪೆಟ್ಟಿಗೆ ಬಾಯಿ ಮುಚ್ಚಿಕೊಳ್ಳುವುದು. ದುಡ್ಡು ಕೊಟ್ಟವನಿಗೆ ಬರೀ ಹಾಡು, ಪುಕ್ಕಟೆ ಕೇಳುವವನಿಗೆ ಜಾಹೀರಾತು ಸಮೇತ. ಇದನ್ನು ಬಿಟ್ಟು ಅಟ್ಟಕ್ಕೆ ಹೋಗಿ ಎಂದು ಆಯೋಗ ಹೇಳಿದಾಗ ಷಿಕಾಗೋದ ಡಬ್ಲ್ಯೂಎಫ್‌ಎಂಎಫ್ ಸ್ಟೇಷನ್ ನಡೆಸುತ್ತಿದ್ದ ಫಂಕ್ಷನಲ್ ಮ್ಯೂಸಿಕ್ ಕಂಪನಿ ಕೋರ್ಟಿಗೆ ಹೋಗಿ 1958ರಲ್ಲಿ ಗೆದ್ದೂ ಬಂತು. ಅದು ಬೇರೆಯೇ ಕಥೆ, ಬಿಡೋಣ. ನನಗೆ ಹೇಳಬೇಕಾದದ್ದು ಇಷ್ಟು: ಅಟ್ಟಕ್ಕೆ ಮೊದಲು ಬಂದ ಬಾಡಿಗೆದಾರ ಆ ಜಾಗಕ್ಕೆ ಹೇಳಿ ಮಾಡಿಸಿದವನಲ್ಲ. ಅಲ್ಲಿ ಸಾಗುವ ಧ್ವನಿಯ ಅಗಲ ಸುಮಾರು 5 ಕಿಲೋಹರ್ಟ್ಜ್ ಮಾತ್ರ. ಪಿಟೀಲಿನ ಮೇಲ್ಸ್ವರದ ಹೊಳಪೆಲ್ಲ ಅಲ್ಲಿ ಕತ್ತರಿಸಿಹೋಗುತ್ತದೆ. ಮನುಷ್ಯನ ಮಾತಿಗೆ ಮಾತ್ರ ಅಷ್ಟು ಧಾರಾಳ ಸಾಕು. ಟೆಲಿಫೋನಿನಲ್ಲಿ ಅದಕ್ಕೂ ಕಡಿಮೆಯಲ್ಲಿ ನಾವು ಜಗಳವಾಡುತ್ತೇವೆ. ಆದರೂ ಸಕಾರದ ಸೀಟಿಯಂಥ ಸದ್ದು ಹೆಚ್ಚಾಗಿ 5 ಕಿಲೋಹರ್ಟ್ಜ್ ಆಚೆಗೇ ಇರುವುದು. ಕನ್ನಡದಲ್ಲಿ ಇಂಥ ಸೇವೆ ಬಂದಿದ್ದರೆ ನಮ್ಮ ಶ, ಷ, ಸಗಳು ಆ ಕಿಂಡಿ ದಾಟುವಷ್ಟರಲ್ಲಿ ಒಂದೇ ಆಗಿಬಿಡುತ್ತಿದ್ದವೇನೋ. ಈಗಲೂ ಬಹುಪಾಲು ಒಂದೇ ಆಗಿವೆ ಎನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ.

ಮಠದ ಸ್ಟೇಷನ್

ಪಾಟರ್ ಮತ್ತು ವಾಟ್ಸನ್‌ಗೆ ಅಟ್ಟ ಕೊಟ್ಟ ಮನೆ ಕೆಎಸ್‌ಜೆಆರ್. ಕಾಲೇಜ್‌ವಿಲ್ ಎಂಬ ಊರಿನಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳ ಮಠಕ್ಕೆ ಸೇರಿದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ಈ ಸ್ಟೇಷನ್ 1967ರ ಜನವರಿಯಲ್ಲಷ್ಟೇ ಶುರುವಾಗಿತ್ತು. ನಡೆಸುತ್ತಿದ್ದವರು ಅಲ್ಲೇ ಓದಿದ ಬಿಲ್ ಕ್ಲಿಂಗ್ ಎಂಬ ಯುವಕ. ಆ ಸ್ಟೇಷನ್ನೇ ಮುಂದೆ ಮಿನ್ನೆಸೋಟ ಪಬ್ಲಿಕ್ ರೇಡಿಯೋ ಎಂಬ ದೊಡ್ಡ ಜಾಲವಾಗಿ ಬೆಳೆಯಿತು. ಆಗ ಅದಿನ್ನೂ ಬೆಳೆಯುವ ಕೂಸು. ಶಾಸ್ತ್ರೀಯ ಸಂಗೀತಕ್ಕೆ ಮೀಸಲಾಗಿ, ಜಾಹೀರಾತಿಲ್ಲದೆ ನಡೆಯುತ್ತಿದ್ದದ್ದು. ಅಟ್ಟ ಖಾಲಿಯಿತ್ತು. ವ್ಯಾಪಾರಿ ಸ್ಟೇಷನ್ನುಗಳಿಗೆ ಅಟ್ಟವೇ ಹೊಟ್ಟೆಪಾಡಾಗಿದ್ದ ಕಾಲದಲ್ಲಿ ಸನ್ಯಾಸಿಗಳ ಅಟ್ಟ ಖಾಲಿ ಇದ್ದದ್ದು ಈ ಪ್ರಕರಣದ ಅದೃಷ್ಟ.

ಇಲ್ಲಿ ಪಾಟರ್‌ಗಿಂತ ಕ್ಲಿಂಗ್ ದೊಡ್ಡವರೆಂದೋ, ಕ್ಲಿಂಗ್‌ಗಿಂತ ಪಾಟರ್ ದೊಡ್ಡವರೆಂದೋ ತೂಗುವ ಅಗತ್ಯವಿಲ್ಲ. ಇಲಾಖೆಗೆ ಪ್ರಸಾರ ಗೋಪುರ ಬೇಕಿತ್ತು, ಸ್ಟೇಷನ್ನಿಗೆ ಅದರಿಂದ ನಷ್ಟವಿರಲಿಲ್ಲ. ಸ್ಟೇಷನ್ನಿನ ಜಾಲ ಊರಿಂದ ಊರಿಗೆ ಹಬ್ಬಿದಂತೆ ಓದುವ ದನಿಯೂ ಅದರ ಬೆನ್ನೇರಿ ರಾಜ್ಯವೆಲ್ಲ ಹಬ್ಬಿತು. ಮೂರು ವರ್ಷ ತುಂಬುವ ಮೊದಲೇ, 1971ರ ಅಕ್ಟೋಬರಿನಲ್ಲಿ, ಕಾನ್ಸಸ್‌ನಲ್ಲಿ ಆಡಿಯೋ ರೀಡರ್ ಎಂಬ ಎರಡನೇ ಸೇವೆ ಹುಟ್ಟಿತು. ಅಲ್ಲೂ ವಿಶ್ವವಿದ್ಯಾಲಯದ ಸ್ಟೇಷನ್, ಅಲ್ಲೂ ಅಟ್ಟ. ಮುಂದೆ ಇಂಥವು ನೂರು ದಾಟಿದವು.

ಅಟ್ಟದ ತೊಂದರೆಗಳು

ಪುಕ್ಕಟೆ ಜಾಗ ಎಂದರೆ ಸೋರುವ ಜಾಗ. ಎಫ್‌ಎಂನಲ್ಲಿ ಗೊರಗೊರ ಸದ್ದು ಎಲ್ಲ ಎತ್ತರದಲ್ಲೂ ಒಂದೇ ಸಮ ಇರುವುದಿಲ್ಲ, ಮೇಲೆ ಹೋದಷ್ಟೂ ಹೆಚ್ಚುತ್ತದೆ. ಪಡಸಾಲೆಯಲ್ಲಿ ಕೇಳಿಸದ ಗದ್ದಲ ಅಟ್ಟದಲ್ಲಿ ಜೋರಾಗಿರುತ್ತದೆ. ಅದರ ಮೇಲೆ, ಒಟ್ಟು ಏರಿಳಿತದ ನೂರರಲ್ಲಿ ಹತ್ತು ಪಾಲಷ್ಟೇ ಅಟ್ಟಕ್ಕೆ: 75 ಕಿಲೋಹರ್ಟ್ಜ್‌ನಲ್ಲಿ 7.5. ಹಾಗಾಗಿ ಸಂಗೀತ ಚೆನ್ನಾಗಿ ಕೇಳುವ ಊರಿನಲ್ಲೂ ಓದುವ ದನಿ ಕರಕರ ಎನ್ನಬಹುದು. ರಾಜ್ಯದ ಮೂಲೆಯ ಹೊಲಮನೆಯಲ್ಲಿ ಒಂಟಿಯಾಗಿರುವ ವೃದ್ಧೆಗೇ ಈ ಸೇವೆ ಎಲ್ಲರಿಗಿಂತ ಹೆಚ್ಚು ಬೇಕು, ಅವಳಿಗೇ ಅದು ಎಲ್ಲರಿಗಿಂತ ಕೆಟ್ಟದಾಗಿ ಕೇಳುವುದು.

ಇನ್ನೊಂದು ತೊಂದರೆ ಕೆಳಗಿನ ಮನೆಯದು. ಗೋಪುರದಿಂದ ನೇರ ಬಂದ ತರಂಗವೂ, ಕಟ್ಟಡಕ್ಕೋ ಗುಡ್ಡಕ್ಕೋ ಬಡಿದು ತಡವಾಗಿ ಬಂದ ತರಂಗವೂ ಕೂಡಿದಾಗ ಪಡಸಾಲೆಯ ಸದ್ದು ಅಟ್ಟಕ್ಕೆ ಏರುತ್ತದೆ. ಮರಣವಾರ್ತೆ ಓದುತ್ತಿರುವ ದನಿಯ ಹಿಂದೆ ಯಾರದೋ ಸಿಂಫನಿ ಹರಿದುಹೋದ ತಮಟೆಯಂತೆ ಬಡಿಯುತ್ತದೆ. ಅಟ್ಟದವರೂ ಸುಮ್ಮನಿರುತ್ತಿರಲಿಲ್ಲ. ಸ್ಟೀರಿಯೋ ಭಾಗದ ನಡುಬಿಂದು 38. ಅದರ ಎರಡರಷ್ಟಾದ 76ಕ್ಕೂ ಅಟ್ಟದ 67ಕ್ಕೂ ನಡುವಿನ ಅಂತರ 9. ಅಗ್ಗದ ಸ್ಟೀರಿಯೋ ಟ್ಯೂನರಿನಲ್ಲಿ ಇವೆರಡೂ ಬೆರೆತರೆ 9 ಕಿಲೋಹರ್ಟ್ಜ್‌ನ ಕೀರಲು ಸದ್ದು ಹುಟ್ಟಿ ಸಂಗೀತಪ್ರಿಯರ ಕಿವಿ ಕೊರೆಯುತ್ತಿತ್ತು. ಒಳ್ಳೆಯ ಟ್ಯೂನರುಗಳೊಳಗೆ 67ನ್ನು ತಡೆಯಲೆಂದೇ ಒಂದು ಫಿಲ್ಟರ್ ಇಡುವ ರೂಢಿ ಬಂದದ್ದು ಹೀಗೆ. ಅಟ್ಟದಲ್ಲಿ ಯಾರೋ ಇದ್ದಾರೆ ಎಂಬುದು ಸಾಮಾನ್ಯ ಕೇಳುಗನಿಗೆ ಗೊತ್ತಾಗುತ್ತಿದ್ದದ್ದು ಈ ಕೀರಲಿನಿಂದ ಮಾತ್ರ.

ಪೆಟ್ಟಿಗೆಯ ಮುಳ್ಳನ್ನು ತೆಗೆದದ್ದು ಸೌಕರ್ಯಕ್ಕೂ ಹೌದು, ನಿಯಮಕ್ಕೂ ಹೌದು. ಕ್ರಿಸ್ಟಲ್ ಕೂರಿಸಿ ಒಂದೇ ಸ್ಟೇಷನ್ನಿಗೆ ಕಟ್ಟಿಹಾಕಿದ ಪೆಟ್ಟಿಗೆಯಲ್ಲಿ ವಯಸ್ಸಾದವರು ದಾರಿ ತಪ್ಪುವ ಭಯವಿಲ್ಲ. ಆದರೆ ಬೇರೆ ಊರಿನ ಮಗಳ ಮನೆಗೆ ಹೊತ್ತೊಯ್ದರೆ ಅದು ಮೂಕ. ಪಕ್ಕದ ಮನೆಯವರಿಂದ ಕಡ ತರೋಣ ಎಂದರೆ ಅಂಥದ್ದು ಅಂಗಡಿಯಲ್ಲಿ ಸಿಗುವುದೇ ಇಲ್ಲ.

ಕದ್ದು ಕೇಳುವವರಿಗೆ ಮಾತ್ರ ಸಿಗುತ್ತಿತ್ತು! ಈ ಬಚ್ಚಿಟ್ಟ ಧ್ವನಿಗೆ ಗೂಢಲಿಪಿಯೇನೂ ಇರಲಿಲ್ಲ. 1970ರ ದಶಕದಲ್ಲಿ 565 ಎಂಬ ಅಗ್ಗದ ಐಸಿ ಬಂತು; ಅದನ್ನು ತಯಾರಿಸಿದವರೇ ತಮ್ಮ ಮಾಹಿತಿ ಹಾಳೆಯಲ್ಲಿ ಎಸ್‌ಸಿಎ, ಅಂದರೆ ಅಟ್ಟದ ಧ್ವನಿಯನ್ನು ಬಿಡಿಸುವ ಸರ್ಕ್ಯೂಟನ್ನು ಬರೆದುಕೊಟ್ಟಿದ್ದರು. ಮಾಮೂಲು ಎಫ್‌ಎಂ ರೇಡಿಯೋ ಬಿಚ್ಚಿ, ತರಂಗದಿಂದ ಧ್ವನಿಯನ್ನು ಹೊರತೆಗೆಯುವ ಡಿಟೆಕ್ಟರಿನ ನಂತರ ಮೇಲಿನ ಆವರ್ತನಗಳನ್ನು ಅಳಿಸುವ ಕೆಪಾಸಿಟರಿಗೆ ಮುಂಚೆ ಒಂದು ತಂತಿ ಬೆಸೆದು ಈ ಸರ್ಕ್ಯೂಟಿಗೆ ಕೊಟ್ಟರೆ ಆಯಿತು. 1934ರ ಸಂವಹನ ಕಾಯಿದೆಯ 605ನೇ ಸೆಕ್ಷನ್ ಪ್ರಕಾರ ಇದು ಖಾಸಗಿ ಸಂದೇಶ, ಅನುಮತಿಯಿಲ್ಲದೆ ಕೇಳುವಂತಿಲ್ಲ. ಬೀಗ ಇದ್ದದ್ದು ಕಾಗದದ ಮೇಲೆ. ಸೋಲ್ಡರಿಂಗ್ ಕಡ್ಡಿ ಹಿಡಿದ ಹುಡುಗರಿಗೆ ಕಾಗದದ ಬೀಗ ಎಂದರೆ ಎಷ್ಟು ಭಯ ಎಂದು ನಾನು ಹೇಳಬೇಕಿಲ್ಲ, ಒಂದು ಕಾಲದಲ್ಲಿ ನಾನೂ ಆ ಕಡ್ಡಿ ಹಿಡಿದವನೇ.

ಬೀಗದ ಉಪಕಾರ

ಆದರೆ ಆ ಕಾಗದದ ಬೀಗದಿಂದಲೇ ದೊಡ್ಡ ಉಪಕಾರವಾಯಿತು. ಸಾರ್ವಜನಿಕ ಪ್ರಸಾರದಲ್ಲಿ ಕಾದಂಬರಿಯೊಂದನ್ನು ಇದ್ದದ್ದು ಇದ್ದ ಹಾಗೆ ಓದಲಾಗದು. ಬೈಗುಳ ಬಂದರೆ ಬಿಡಬೇಕು, ಹಾಸಿಗೆ ಬಂದರೆ ಹಾರಬೇಕು. ಇಲ್ಲಿ ಕೇಳುವವರು ಪೆಟ್ಟಿಗೆ ಪಡೆದ ವಯಸ್ಕರು. ಕಣ್ಣಿದ್ದವನು ಓದುವ ಪುಟವನ್ನೇ ಕಣ್ಣಿಲ್ಲದವನೂ ಓದಬೇಕು, ನಡುವೆ ಕತ್ತರಿ ಹಾಕಲು ನಾವು ಯಾರು ಎಂಬುದು ಸೇವೆಯ ನಿಲುವು. ಮಿನ್ನೆಸೋಟದ ಕಾರ್ಯಕ್ರಮ ಪಟ್ಟಿ ನೋಡಿದರೆ ಪುಸ್ತಕದ ಹೆಸರಿನ ಮುಂದೆ ಒಂದೊಂದು ಅಕ್ಷರ ಇರುತ್ತದೆ: ಒರಟು ಭಾಷೆಗೆ ಎಲ್, ಹಿಂಸೆಗೆ ವಿ, ಲೈಂಗಿಕ ಪ್ರಸಂಗಕ್ಕೆ ಎಸ್, ಜನಾಂಗ ನಿಂದನೆಗೆ ಆರ್. ಎಚ್ಚರಿಕೆ ಕೊಟ್ಟು ಪೂರ್ತಿ ಓದುತ್ತಾರೆ. ಓದುವವರು ಸ್ವಯಂಸೇವಕರು. ಪುಸ್ತಕವನ್ನು ದಿನಕ್ಕೊಂದು ಕಂತಿನಂತೆ, ನಿಗದಿತ ಹೊತ್ತಿಗೆ ಪ್ರಸಾರ ಮಾಡುತ್ತಾರೆ. ಆ ಹೊತ್ತುಗಳಿಗೆ 'ಪಾಸ್ಟ್ ಈಸ್ ಪ್ರೊಲಾಗ್', 'ನೈಟ್ ಜರ್ನಿ', 'ಗುಡ್ ನೈಟ್ ಔಲ್' ಎಂಬಂಥ ಹೆಸರುಗಳು. ಕೊನೆಯದು ನಡುರಾತ್ರಿಯದು. ದಿನವಿಡೀ ಕತ್ತಲೆ ಇರುವವರಿಗೆ ನಿದ್ದೆಯ ಹೊತ್ತು ಎಲ್ಲರಂತೆ ಇರುವುದಿಲ್ಲ ಎಂಬುದನ್ನು ಅರಿತವರು ಮಾಡಿದ ಪಟ್ಟಿ ಇದು.

ಹಕ್ಕುಸ್ವಾಮ್ಯದ ಗಂಟನ್ನೂ ಅಟ್ಟವೇ ಬಿಡಿಸಿತು. ಇಡೀ ಪುಸ್ತಕವನ್ನು ರೇಡಿಯೋದಲ್ಲಿ ಓದಿದರೆ ಪ್ರಕಾಶಕರು ಬಿಡುತ್ತಾರೆಯೇ? ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯಿದೆಯ 110ನೇ ಸೆಕ್ಷನ್ನಿನ 8ನೇ ಉಪವಿಧಿ ಇದಕ್ಕೆ ಬಾಗಿಲು ತೆರೆಯಿತು. ಅಂಧರಿಗಾಗಿ, ಲಾಭದ ಉದ್ದೇಶವಿಲ್ಲದೆ, ನಾಟಕವಲ್ಲದ ಕೃತಿಯನ್ನು ಓದಬಹುದು. ಆದರೆ ಸರ್ಕಾರಿ ಸಂಸ್ಥೆ, ವ್ಯಾಪಾರೇತರ ಶೈಕ್ಷಣಿಕ ಸ್ಟೇಷನ್, ರೇಡಿಯೋ ಸಬ್‌ಕ್ಯಾರಿಯರ್ ಅಥವಾ ಕೇಬಲ್ ಮೂಲಕ. ಕಾನೂನಿನಲ್ಲೇ ಸಬ್‌ಕ್ಯಾರಿಯರ್ ಎಂದು ಹೆಸರಿಸಿದ್ದಾರೆ. ನಾಟಕವಾದರೆ ಮುಂದಿನ ಉಪವಿಧಿ: ಪ್ರಕಟವಾಗಿ ಕನಿಷ್ಠ 10 ವರ್ಷವಾಗಿರಬೇಕು, ಅದೂ ಒಂದು ಸಲಕ್ಕೆ ಮಾತ್ರ. ನಮ್ಮ ದೇಶ 2012ರಲ್ಲಿ ತನ್ನ ಹಕ್ಕುಸ್ವಾಮ್ಯ ಕಾಯಿದೆ ತಿದ್ದಿದಾಗ ಯಾವ ಯಂತ್ರದ ಹೆಸರನ್ನೂ ಹೇಳಲಿಲ್ಲ. ಅಂಗವಿಕಲರಿಗೆ ನಿಲುಕುವ ಯಾವುದೇ ರೂಪ ಎಂದಷ್ಟೇ ಬರೆಯಿತು. 36 ವರ್ಷ ತಡವಾಗಿ ಬರೆದದ್ದರ ಲಾಭ ಎನ್ನಿ. ಯಂತ್ರದ ಹೆಸರು ಹೇಳಿ ಮಾಡಿದ ಕಾನೂನು ಯಂತ್ರ ಮೂಲೆ ಸೇರಿದಾಗ ಕಾಲಿಗೆ ತೊಡರುತ್ತದೆ.

ಬಾಡಿಗೆ ಏರಿತು

1983ರಲ್ಲಿ ಸಂವಹನ ಆಯೋಗ ಅಟ್ಟದ ಸೂರನ್ನು 75ರಿಂದ 99 ಕಿಲೋಹರ್ಟ್ಜ್‌ಗೆ ಎತ್ತಿತು. 92 ಕಿಲೋಹರ್ಟ್ಜ್‌ನಲ್ಲಿ ಇನ್ನೊಂದು ಕೋಣೆಗೆ ಜಾಗವಾಯಿತು. ಏನು ಬೇಕಾದರೂ ಇಟ್ಟುಕೊಳ್ಳಿ ಎಂದೂ ಹೇಳಿತು: ಪೇಜರ್, ಷೇರುಪೇಟೆಯ ಅಂಕಿ, ಪರದೇಶದಿಂದ ಬಂದು ನೆಲೆಸಿದವರ ಭಾಷೆಯ ರೇಡಿಯೋ. ಬ್ರೂಕ್ಲಿನ್‌ನಲ್ಲಿ ಹೈಟಿಯ ಜನ 1992ರಲ್ಲಿ ತಮ್ಮ ಕ್ರಿಯೋಲ್ ಭಾಷೆಯ ರೇಡಿಯೋ ಸೊಲೇಲ್ ಶುರುಮಾಡಿದ್ದು ಇಂಥದೇ ಅಟ್ಟದಲ್ಲಿ. ಒಳ್ಳೆಯದೇ ಆಯಿತು. ಆದರೆ ಅಂಧರ ಸೇವೆಗೆ ಪುಕ್ಕಟೆ ಕೊಟ್ಟಿದ್ದ ಸ್ಟೇಷನ್ನುಗಳಿಗೂ ಈಗ ಬಾಡಿಗೆಯ ಆಸೆ ಹುಟ್ಟಬಹುದಲ್ಲ?

ಆಯೋಗಕ್ಕೆ ಇದು ಹೊಳೆದಿತ್ತು ಎಂಬುದು ಸಮಾಧಾನ. ವ್ಯಾಪಾರೇತರ ಸ್ಟೇಷನ್ನುಗಳ ನಿಯಮದಲ್ಲಿ ಒಂದು ವಾಕ್ಯ ಸೇರಿಸಿತು: ದುಡ್ಡಿಗೆ ಅಟ್ಟ ಕೊಡುವುದಾದರೆ ಈಗಿರುವ ಅಥವಾ ಮುಂದೆ ಬರಬಹುದಾದ ಅಂಧರ ವಾಚನ ಸೇವೆಗೆ ಅದರಿಂದ ಧಕ್ಕೆ ಆಗಬಾರದು. 'ಮುಂದೆ ಬರಬಹುದಾದ' ಎಂಬ ಮಾತನ್ನು ಬರೆದ ಗುಮಾಸ್ತ ಯಾರೋ, ಅವನಿಗೊಂದು ನಮಸ್ಕಾರ.

2002ರಲ್ಲಿ ಡಿಜಿಟಲ್ ಎಫ್‌ಎಂಗೆ ಒಪ್ಪಿಗೆ ಸಿಕ್ಕಿತು. ಸ್ಟೇಷನ್ನಿನ ಎರಡೂ ಬದಿ, ಸುಮಾರು 129ರಿಂದ 198 ಕಿಲೋಹರ್ಟ್ಜ್ ದೂರದಲ್ಲಿ, ಡಿಜಿಟಲ್ ಸಂಕೇತಗಳು ಬಂದು ಕೂತವು. ಹಳೆಯ ಪೆಟ್ಟಿಗೆಗಳಿಗೆ ಇದರ ಗದ್ದಲ ತಟ್ಟೀತೆ ಎಂದು ಪರೀಕ್ಷೆಗಳು ನಡೆದವು, ವಾದಗಳು ನಡೆದವು. ಗಮನಿಸಬೇಕಾದದ್ದು, ವಾದಿಸಲು ಬಂದವರು ಮುಖ್ಯವಾಗಿ ವಾಚನ ಸೇವೆಯ ಕಡೆಯವರೇ. ಊರಿಗೆ ಕೇಳದ ಧ್ವನಿಗೆ ತೊಂದರೆಯಾದರೆ ಊರು ಎದ್ದು ಕೂಗುವುದಿಲ್ಲ. ಈ ಪ್ರಕರಣದಲ್ಲಿ ಬಚ್ಚಿಟ್ಟದ್ದಕ್ಕೆ ತೆತ್ತ ನಿಜವಾದ ಬೆಲೆ ಇದೇ ಎಂದು ನನ್ನ ಅನಿಸಿಕೆ. ಗೊರಗೊರ ಸದ್ದಿಗಿಂತ ಇದು ಹೆಚ್ಚು. ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. ಅಲ್ಲಿ ಕ್ಯಾನ್‌ಬೆರಾದ 1ಆರ್‌ಪಿಎಚ್, ಮೆಲ್ಬರ್ನ್‌ನ 3ಆರ್‌ಪಿಎಚ್ ಮುಂತಾದ ಸೇವೆಗಳು ಎಲ್ಲರ ರೇಡಿಯೋದಲ್ಲೂ ಸಿಗುವ ತೆರೆದ ಎಎಂ ತರಂಗದಲ್ಲಿವೆ. ಲಾರಿ ಓಡಿಸುವವನೂ ಕೇಳಬಹುದು, ಅಡುಗೆ ಮಾಡುತ್ತಿರುವವಳೂ ಕೇಳಬಹುದು, ಈಗಷ್ಟೇ ಕಣ್ಣು ಮಂಜಾಗುತ್ತಿರುವ, ಅರ್ಜಿ ಹಾಕಲು ಇನ್ನೂ ಮನಸ್ಸಾಗದ ಮುದುಕನೂ ಕೇಳಬಹುದು. ಆ ಕೊನೆಯವನನ್ನು ಮಿನ್ನೆಸೋಟದ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಪೆಟ್ಟಿಗೆ ಬೇಕಾದರೆ ಮೊದಲು ನನಗೆ ಕಣ್ಣು ಕಾಣದು ಎಂದು ಬರೆದುಕೊಡಬೇಕಿತ್ತು.

ಈಗ ಇಂಟರ್ನೆಟ್ಟಿನಲ್ಲಿ ಈ ದನಿಗಳು ಗೊರಗೊರ ಇಲ್ಲದೆ, ಸಿಂಫನಿಯ ತಮಟೆಯಿಲ್ಲದೆ, ಯಾವ ಊರಿನ ಮಗಳ ಮನೆಗೆ ಹೋದರೂ ಸಿಗುತ್ತವೆ. ಹಕ್ಕುಸ್ವಾಮ್ಯದ ರಿಯಾಯಿತಿ ಮಾತ್ರ ಇನ್ನೂ ಓದಲಾಗದವರಿಗೇ ಮೀಸಲು. ಬಾಗಿಲು ಎಲ್ಲರಿಗೂ ತೆರೆದಿಡುವಂತಿಲ್ಲ. ಹಾಗಾಗಿ ಹಲವು ಸೇವೆಗಳು ತಮ್ಮ ಇಂಟರ್ನೆಟ್ ಪ್ರಸಾರಕ್ಕೆ ಪಾಸ್‌ವರ್ಡ್ ಇಟ್ಟಿವೆ. ಮೊದಲು ಒಂದು ಗುಂಡಿ ತಿರುಗಿಸಿದರೆ ಸಾಕಿತ್ತು. ಈಗ ಕಣ್ಣು ಕಾಣದ ಅಜ್ಜಿ ಆ ಪಾಸ್‌ವರ್ಡನ್ನು ಒತ್ತಿಕೊಡಲು ಮೊಮ್ಮಗ ಶಾಲೆಯಿಂದ ಬರುವುದನ್ನು ಕಾಯಬೇಕು.